ಗ್ರಾಫಿಕ್ಸ್ ಕಾರ್ಡಿನ ಹಸಿವು ಎಷ್ಟು? ಅಳೆಯುವ ಬಗೆ, ಎಸ್‌ಎಂಪಿಎಸ್ ಆರಿಸುವ ಬಗೆ

ದಾವಣಗೆರೆಯಲ್ಲಿರುವ ನನ್ನ ಅಣ್ಣನ ಮಗ ಕಳೆದ ಬೇಸಿಗೆಯಲ್ಲಿ ಫೋನ್ ಮಾಡಿದ. "ಚಿಕ್ಕಪ್ಪ, ಆಟದ ನಡುವೆ ಕಂಪ್ಯೂಟರ್ ದಿಢೀರನೆ ಆರಿಹೋಗುತ್ತದೆ. ನೀಲಿ ಪರದೆ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ. ಯಾರೋ ಸ್ವಿಚ್ ಆರಿಸಿದ ಹಾಗೆ ಕತ್ತಲೆ." ದುರಸ್ತಿ ಅಂಗಡಿಯವರು ಮದರ್‌ಬೋರ್ಡ್ ಕೆಟ್ಟಿದೆ ಎಂದಿದ್ದರು. ಹುಡುಗ ಅದನ್ನು ಒಪ್ಪದೆ, ಗೋಡೆಯ ಸಾಕೆಟ್ಟಿಗೂ ಕಂಪ್ಯೂಟರಿಗೂ ನಡುವೆ ಒಂದು ವ್ಯಾಟ್ ಮೀಟರ್ ಸಿಕ್ಕಿಸಿ ಆಟ ಆಡಿದ್ದ. ಮೀಟರ್ 470 ವ್ಯಾಟ್ ತೋರಿಸಿತ್ತು. ಅವನ ಎಸ್‌ಎಂಪಿಎಸ್, ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದ ವೋಲ್ಟಿಗೆ ಇಳಿಸಿ ಕೊಡುವ ಪೆಟ್ಟಿಗೆ, 650 ವ್ಯಾಟಿನದು. "ಇನ್ನೂ 180 ವ್ಯಾಟ್ ಮಿಕ್ಕಿದೆಯಲ್ಲ, ಮತ್ತೇಕೆ ಆರಿಹೋಗುತ್ತದೆ?" ಎಂದು ಕೇಳಿದ.

ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ, ಆಟದ ಚಿತ್ರಗಳನ್ನು ಪರದೆಗೆ ತಯಾರಿಸಿ ಕೊಡುವ ಗ್ರಾಫಿಕ್ಸ್ ಕಾರ್ಡುಗಳ ವಿದ್ಯುತ್ ಲೆಕ್ಕವೆಲ್ಲ ಅರ್ಥವಾಗುತ್ತದೆ. ಏಕೆಂದರೆ "ಎಷ್ಟು ವ್ಯಾಟ್" ಎಂಬ ಪ್ರಶ್ನೆಯೊಳಗೆ ಇನ್ನೆರಡು ಪ್ರಶ್ನೆಗಳು ಅಡಗಿವೆ: ಎಲ್ಲಿ ನಿಂತು ಅಳೆದದ್ದು, ಎಷ್ಟು ಹೊತ್ತಿನ ಸರಾಸರಿ. ಇವೆರಡನ್ನೂ ಬಿಟ್ಟು ಹೇಳಿದ ವ್ಯಾಟ್ ಸಂಖ್ಯೆಯನ್ನು ನಂಬಿ ಎಸ್‌ಎಂಪಿಎಸ್ ಕೊಂಡವರು ಬಹಳ ಜನ ತೊಂದರೆಪಟ್ಟಿದ್ದಾರೆ.

ಮೊದಲು ವಿದ್ಯುತ್ತು ಕಾರ್ಡಿನೊಳಗೆ ಬರುವ ದಾರಿಗಳನ್ನು ನೋಡೋಣ. ಮದರ್‌ಬೋರ್ಡಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡಬಹುದು. ಅದರಲ್ಲೂ 12 ವೋಲ್ಟ್‌ನಲ್ಲಿ ಸಿಗುವುದು 5.5 ಆಂಪಿಯರ್, ಅಂದರೆ 66 ವ್ಯಾಟ್ ಮಾತ್ರ, ಉಳಿದದ್ದು 3.3 ವೋಲ್ಟ್‌ನ ಪಾಲು. ಇದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಕೇಬಲ್ ಬರಬೇಕು. ಆರು ಪಿನ್ನಿನ ಕನೆಕ್ಟರ್‌ಗೆ 75 ವ್ಯಾಟ್, ಎಂಟು ಪಿನ್ನಿನದಕ್ಕೆ 150 ವ್ಯಾಟ್, 2022ರಿಂದ ಹೊಸ ಕಾರ್ಡುಗಳಲ್ಲಿ ಹೆಚ್ಚಾಗಿ ಕಾಣುವ ಹದಿನಾರು ಪಿನ್ನಿನದಕ್ಕೆ 600 ವ್ಯಾಟ್ ಮಿತಿ. ಜಿಟಿಎಕ್ಸ್ 1650ರಂಥ 75 ವ್ಯಾಟಿನ ಕಾರ್ಡುಗಳು ಕೇಬಲ್ ಇಲ್ಲದೆಯೇ ಓಡುವುದು ಇದರಿಂದಲೇ.

ದಾರಿಗಳು ಬೇರೆ ಬೇರೆಯಾಗಿರುವುದರಿಂದ ಒಟ್ಟು ವ್ಯಾಟ್ ಸರಿಯಿದ್ದರೂ ಒಂದು ದಾರಿಯ ಮೇಲೆ ಭಾರ ಹೆಚ್ಚಾಗಬಹುದು. 2016ರ ಜೂನ್ ಕೊನೆಯಲ್ಲಿ ಎಎಂಡಿ ಕಂಪನಿ ಬಿಡುಗಡೆ ಮಾಡಿದ ಆರ್‌ಎಕ್ಸ್ 480 ಕಾರ್ಡು ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಹೆಸರಿನ ಮುಂದೆ ಬರೆದಿದ್ದದ್ದು 150 ವ್ಯಾಟ್. ಸ್ಲಾಟಿನ 75, ಆರು ಪಿನ್ನಿನ 75, ಕಾಗದದ ಮೇಲೆ ಲೆಕ್ಕ ಪಕ್ಕಾ. ಆದರೆ ಸ್ಲಾಟಿನ ವಿದ್ಯುತ್ತನ್ನೂ ಕೇಬಲ್ಲಿನ ವಿದ್ಯುತ್ತನ್ನೂ ಬೇರೆ ಬೇರೆಯಾಗಿ ಅಳೆದ ವಿಮರ್ಶಕರಿಗೆ ಕಾರ್ಡು ಸ್ಲಾಟಿನಿಂದ ನಿಗದಿಗಿಂತ ಹೆಚ್ಚು ಎಳೆಯುತ್ತಿರುವುದು ಕಂಡಿತು. ಎಎಂಡಿ ಜುಲೈ ಮೊದಲ ವಾರಗಳಲ್ಲೇ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ನ ಹೊಸ ಆವೃತ್ತಿ ಕೊಟ್ಟು ಭಾರವನ್ನು ಸ್ಲಾಟಿನಿಂದ ಕೇಬಲ್ಲಿನ ಕಡೆಗೆ ಸರಿಸಿತು. ಗೋಡೆಯ ಮೀಟರನ್ನಷ್ಟೇ ನೋಡಿದ್ದರೆ ಆ ದೋಷ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈಗ ಅಳತೆಯ ವಿಷಯ. ಮನೆಯಲ್ಲಿ ಕುಳಿತು ಅಳೆಯಲು ಮೂರು ದಾರಿಗಳಿವೆ. ಮೂರನ್ನೂ ನಾವಿಬ್ಬರೂ ಅವನ ಯಂತ್ರದ ಮೇಲೆ ಮಾಡಿ ನೋಡಿದೆವು. ಅವನದು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3080 ಕಾರ್ಡು, 320 ವ್ಯಾಟ್. ಜೊತೆಗೆ ರೈಸೆನ್ 5 5600ಎಕ್ಸ್ ಪ್ರೊಸೆಸರ್.

ಎಲ್ಲಕ್ಕಿಂತ ಸುಲಭದ್ದು ಸಾಫ್ಟ್‌ವೇರ್. ಜಿಪಿಯು-ಝಡ್, ಎಚ್‌ಡಬ್ಲ್ಯೂಇನ್ಫೋ, ಆಫ್ಟರ್‌ಬರ್ನರ್, ಲಿನಕ್ಸ್‌ನಲ್ಲಾದರೆ ಎನ್‌ವಿಡಿಯಾ-ಎಸ್‌ಎಂಐ, ಎಲ್ಲವೂ ಕಾರ್ಡು ತಾನೇ ಹೇಳುವ ಅಂಕಿಯನ್ನು ತೋರಿಸುತ್ತವೆ. ಕಾರ್ಡಿಗೆ ಅದು ಗೊತ್ತಾಗುವ ಬಗೆ ಸೊಗಸಾಗಿದೆ. ವಿದ್ಯುತ್ತು ಒಳಬರುವ ದಾರಿಯಲ್ಲಿ ಷಂಟ್ ಎಂಬ ಪುಟ್ಟ ರೋಧಕವನ್ನು ಕೂರಿಸಿರುತ್ತಾರೆ. ಅದರ ರೋಧ ಕೆಲವೇ ಮಿಲಿಓಮ್. 5 ಮಿಲಿಓಮ್ ರೋಧಕದ ಮೂಲಕ 12.5 ಆಂಪಿಯರ್ ಹರಿದರೆ ಅದರ ಎರಡು ತುದಿಗಳ ನಡುವೆ 62.5 ಮಿಲಿವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. ಆ ವ್ಯತ್ಯಾಸವನ್ನು ಒಂದು ಚಿಪ್ ಅಳೆದು, ಓಮನ ನಿಯಮದಿಂದ ಆಂಪಿಯರ್ ತಿಳಿದು, ವೋಲ್ಟೇಜಿನಿಂದ ಗುಣಿಸಿ ವ್ಯಾಟ್ ಹೇಳುತ್ತದೆ. ಶಾಲೆಯಲ್ಲಿ ಓದಿದ ಓಮನ ನಿಯಮ ಇಷ್ಟು ದುಬಾರಿ ಕಾರ್ಡಿನೊಳಗೆ ಹಾಗೆಯೇ ದುಡಿಯುತ್ತಿದೆ ಎಂಬುದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ಆದರೆ ಆ ಅಂಕಿ ಯಾವುದರ ಅಂಕಿ ಎಂದು ವಿಚಾರಿಸಿಕೊಳ್ಳಬೇಕು. ಎನ್‌ವಿಡಿಯಾ ಕಾರ್ಡುಗಳು ಇಡೀ ಬೋರ್ಡಿನ ಬಳಕೆ ಹೇಳುತ್ತವೆ. ಎಎಂಡಿಯ ಆರ್‌ಎಕ್ಸ್ 6000 ಸಾಲಿನವರೆಗಿನ ಕಾರ್ಡುಗಳು ಬೋರ್ಡಿನ ಪೂರ್ತಿ ಲೆಕ್ಕ ಕೊಡುವುದಿಲ್ಲ. ಆರ್‌ಎಕ್ಸ್ 6800 ಎಕ್ಸ್‌ಟಿ ಕಾರ್ಡಿನ ಒಟ್ಟು ಬಳಕೆ 300 ವ್ಯಾಟ್ ಎಂದು ಕಂಪನಿಯೇ ಹೇಳಿದ್ದರೂ ಪರದೆಯ ಮೇಲೆ ಕಾಣುವ ಮಿತಿ 255 ವ್ಯಾಟ್. ಫ್ಯಾನ್, ವೋಲ್ಟೇಜ್ ಇಳಿಸುವ ಭಾಗದಲ್ಲಿ ಆಗುವ ನಷ್ಟ ಮುಂತಾದವು ಆ ಲೆಕ್ಕದ ಹೊರಗೆ ಉಳಿಯುತ್ತವೆ. ಆರ್‌ಎಕ್ಸ್ 7000 ಸಾಲಿನಿಂದ ಇದು ಸರಿಹೋಗಿದೆ. ಹಳೆಯ ಎಎಂಡಿ ಕಾರ್ಡನ್ನೂ ಎನ್‌ವಿಡಿಯಾ ಕಾರ್ಡನ್ನೂ ಸಾಫ್ಟ್‌ವೇರ್ ಅಂಕಿಯಿಂದಲೇ ಹೋಲಿಸಿ "ಇದು ಕಡಿಮೆ ವಿದ್ಯುತ್ ತಿನ್ನುತ್ತದೆ" ಎನ್ನುವವರು ಈ ತಪ್ಪನ್ನು ಮಾಡುತ್ತಲೇ ಇರುತ್ತಾರೆ.

ಎರಡನೆಯದು ಗೋಡೆಯ ಮೀಟರ್. ಅದು ಅಳೆಯುವುದು ಎಸ್‌ಎಂಪಿಎಸ್ ಮನೆಯ 230 ವೋಲ್ಟ್ ಎಸಿಯಿಂದ ಎಳೆದುಕೊಂಡದ್ದನ್ನು. ಎಸ್‌ಎಂಪಿಎಸ್ ಅದನ್ನು ಡಿಸಿ ಮಾಡುವಾಗ ಒಂದು ಭಾಗ ಬಿಸಿಯಾಗಿ ಹೋಗುತ್ತದೆ. ಅಣ್ಣನ ಮಗ ಗಮನಿಸದಿದ್ದದ್ದು ಇದನ್ನೇ. ಅವನ ಎಸ್‌ಎಂಪಿಎಸ್ 80 ಪ್ಲಸ್ ಎಂಬ ದಕ್ಷತೆಯ ಮುದ್ರೆಯಲ್ಲಿ ಬ್ರಾಂಜ್ ದರ್ಜೆಯದು. ಅರ್ಧ ಭಾರದಲ್ಲಿ ಶೇಕಡಾ 85ರ ದಕ್ಷತೆ ಎಂದು ಹಿಡಿಯೋಣ. 470ರಲ್ಲಿ ಶೇ. 85 ಎಂದರೆ 400 ವ್ಯಾಟ್. ಕಂಪ್ಯೂಟರ್ ನಿಜವಾಗಿ ಬಳಸಿದ್ದು ಅಷ್ಟೇ. ಎಸ್‌ಎಂಪಿಎಸ್ ಮೇಲೆ ಬರೆದ 650 ಎಂಬುದು ಅದು ಹೊರಗೆ ಕೊಡಬಲ್ಲ ಡಿಸಿ ವ್ಯಾಟ್, ಒಳಗೆ ಎಳೆದುಕೊಳ್ಳುವ ಎಸಿ ವ್ಯಾಟ್ ಅಲ್ಲ. ಅಂದರೆ ಲೆಕ್ಕ ಸರಿಮಾಡಿದರೆ ಮಿಕ್ಕಿದ್ದು 180 ಅಲ್ಲ, 250. ಒಗಟು ಬಿಡಿಸುವ ಬದಲು ಇನ್ನಷ್ಟು ಗಟ್ಟಿಯಾಯಿತು!

ಗೋಡೆಯ ಮೀಟರಿನಿಂದ ಕಾರ್ಡೊಂದರ ಬಳಕೆ ಮಾತ್ರ ತಿಳಿಯಲು, ಸುಮ್ಮನಿರುವಾಗಿನ ಅಂಕಿಯನ್ನು ಆಟದ ಹೊತ್ತಿನ ಅಂಕಿಯಿಂದ ಕಳೆಯುವವರಿದ್ದಾರೆ. ಅಂದಾಜಿಗೆ ಆದೀತು. ಆದರೆ ಆ ವ್ಯತ್ಯಾಸದಲ್ಲಿ ಪ್ರೊಸೆಸರ್ ಹೆಚ್ಚಿಗೆ ತಿಂದದ್ದೂ ಸೇರಿರುತ್ತದೆ, ಕಾರ್ಡು ಸುಮ್ಮನಿರುವಾಗ ತಿನ್ನುವುದು ಬಿಟ್ಟುಹೋಗಿರುತ್ತದೆ.

ಮೂರನೆಯದು ಕ್ಲ್ಯಾಂಪ್ ಮೀಟರ್. ತಂತಿಯನ್ನು ಕತ್ತರಿಸದೆ ಅದರ ಸುತ್ತ ಇಕ್ಕಳದಂತೆ ಹಿಡಿದು ಪ್ರವಾಹ ಅಳೆಯುವ ಸಾಧನ. ಎಲೆಕ್ಟ್ರಿಷಿಯನ್‌ಗಳ ಬಳಿ ಇರುವ ಅಗ್ಗದ ಕ್ಲ್ಯಾಂಪ್ ಎಸಿಯನ್ನು ಮಾತ್ರ ಅಳೆಯುತ್ತದೆ. ಇಲ್ಲಿ ಬೇಕಾದದ್ದು ಡಿಸಿ ಅಳೆಯುವಂಥದ್ದು. ಕಾರ್ಡಿಗೆ ಹೋಗುವ ಕೇಬಲ್ಲಿನಲ್ಲಿ 12 ವೋಲ್ಟ್‌ನ ತಂತಿಗಳನ್ನು ಮಾತ್ರ ಇಕ್ಕಳದೊಳಗೆ ಸೇರಿಸಬೇಕು. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಅವು ಹಳದಿ. ಮರಳಿ ಬರುವ ಕಪ್ಪು ತಂತಿಗಳನ್ನೂ ಸೇರಿಸಿ ಹಿಡಿದರೆ ಹೋಗುವುದೂ ಬರುವುದೂ ಒಂದನ್ನೊಂದು ಅಳಿಸಿ ಮೀಟರ್ ಸೊನ್ನೆ ತೋರಿಸುತ್ತದೆ. ನಾವು ಎರಡು ಕೇಬಲ್ಲುಗಳ ಹಳದಿ ತಂತಿಗಳನ್ನು ಹಿಡಿದಾಗ 22 ಆಂಪಿಯರ್ ಬಂತು. 12ರಿಂದ ಗುಣಿಸಿದರೆ 264 ವ್ಯಾಟ್. ಅದೇ ಹೊತ್ತಿಗೆ ಸಾಫ್ಟ್‌ವೇರ್ ಹೇಳುತ್ತಿದ್ದದ್ದು 318. ನಡುವಿನ 54 ವ್ಯಾಟ್ ಸ್ಲಾಟಿನ ಮೂಲಕ ಹೋಗುತ್ತಿತ್ತು. ಅದನ್ನು ನೇರವಾಗಿ ಅಳೆಯಬೇಕಾದರೆ ಕಾರ್ಡಿಗೂ ಸ್ಲಾಟಿಗೂ ನಡುವೆ ಅಳತೆಯ ಪಟ್ಟಿಯೊಂದನ್ನು ಕೂರಿಸಬೇಕು. ಅದು ವಿಮರ್ಶಕರ ಪ್ರಯೋಗಾಲಯದ ಸಾಮಾನು, ಮನೆಗೆ ಬೇಕಿಲ್ಲ.

ಮೂರು ಅಳತೆಗಳೂ ಒಂದನ್ನೊಂದು ಒಪ್ಪಿದವು, ಮತ್ತು ಮೂರರಲ್ಲೂ ದೋಷ ಕಾಣಲಿಲ್ಲ. ಹುಡುಗನ ಮುಖ ಸಣ್ಣಗಾಯಿತು.

ಇಲ್ಲಿ ಎರಡನೆಯ ಪ್ರಶ್ನೆ ಬರುತ್ತದೆ: ಎಷ್ಟು ಹೊತ್ತಿನ ಸರಾಸರಿ? ಮದುವೆಯ ಊಟವನ್ನು ನೆನೆಯಿರಿ. ಹನ್ನೆರಡರಿಂದ ಮೂರರ ಒಳಗೆ ಆರುನೂರು ಜನ ಉಣ್ಣುತ್ತಾರೆ ಎಂದರೆ ಗಂಟೆಗೆ ಇನ್ನೂರು, ನಿಮಿಷಕ್ಕೆ ಮೂರು ನಾಲ್ಕು ಜನ. ಈ ಸರಾಸರಿಯನ್ನು ನಂಬಿ ಇಬ್ಬರೇ ಬಡಿಸುವವರನ್ನು ನಿಲ್ಲಿಸಿದರೆ ಏನಾದೀತು? ಮೊದಲ ಪಂಕ್ತಿಯಲ್ಲಿ ಇನ್ನೂರು ಎಲೆಗಳ ಮುಂದೆ ಜನ ಒಟ್ಟಿಗೆ ಕುಳಿತ ಆ ಐದು ನಿಮಿಷದಲ್ಲೇ ಮರ್ಯಾದೆ ಹೋಗುತ್ತದೆ. ಬಡಿಸುವವರ ಸಂಖ್ಯೆ ಗೊತ್ತುಮಾಡುವುದು ಪಂಕ್ತಿಯನ್ನು ನೋಡಿ.

ಗ್ರಾಫಿಕ್ಸ್ ಚಿಪ್ಪಿನಲ್ಲಿಯೂ ಹೀಗೆ ಪಂಕ್ತಿ ಕೂರುವ ಕ್ಷಣಗಳಿವೆ. ಒಂದು ಚಿತ್ರ ಮುಗಿದು ಮುಂದಿನದು ಶುರುವಾಗುವ ನಡುವೆ ಚಿಪ್ಪಿನ ಸಾವಿರಾರು ಘಟಕಗಳು ಅರೆಕ್ಷಣ ಸುಮ್ಮನಿದ್ದು ಮತ್ತೆ ಒಟ್ಟಿಗೆ ಎದ್ದು ದುಡಿಯುತ್ತವೆ. ಚಿಪ್ಪಿನ ವಿದ್ಯುತ್ ಬಳಕೆ ಗಡಿಯಾರದ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. ಇಂದಿನ ಚಿಪ್ಪುಗಳು ಎರಡನ್ನೂ ಕ್ಷಣಕ್ಷಣಕ್ಕೆ ಏರಿಸಿ ಇಳಿಸುತ್ತವೆ. 320 ವ್ಯಾಟ್ ಎಂಬ ಮಿತಿಯನ್ನು ಕಾರ್ಡು ಸರಾಸರಿಯಲ್ಲಿ ಪಾಲಿಸುತ್ತದೆ. ಆ ಸರಾಸರಿಯೊಳಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಹೊತ್ತು ಅದು 450 ವ್ಯಾಟನ್ನು ದಾಟಿ ಜಿಗಿಯುವುದನ್ನು, 2020ರಲ್ಲಿ ಆರ್‌ಟಿಎಕ್ಸ್ 3080 ಬಂದ ಹೊಸದರಲ್ಲೇ ಕ್ಷಣಕ್ಷಣದ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಹಿಡಿದವರು ತೋರಿಸಿದ್ದರು. ಸಾಫ್ಟ್‌ವೇರ್, ಗೋಡೆಯ ಮೀಟರ್, ಕ್ಲ್ಯಾಂಪ್ ಇವೆಲ್ಲ ಸೆಕೆಂಡಿಗೆ ಒಂದೋ ಎರಡೋ ಬಾರಿ ಅಂಕಿ ಬದಲಿಸುವಂಥವು. ಅವಕ್ಕೆ ಪಂಕ್ತಿ ಕಾಣುವುದಿಲ್ಲ.

ಎಸ್‌ಎಂಪಿಎಸ್‌ಗೆ ಕಾಣುತ್ತದೆ. ಅದರೊಳಗೆ ಮಿತಿಮೀರಿದ ಪ್ರವಾಹವನ್ನು ಕಂಡೊಡನೆ ಎಲ್ಲವನ್ನೂ ಆರಿಸಿಬಿಡುವ ರಕ್ಷಣೆ ಇರುತ್ತದೆ. ಬೆಂಕಿ ಹತ್ತದಿರಲಿ ಎಂದು ಇಟ್ಟದ್ದು. ನಾನು ಎಸ್‌ಎಂಪಿಎಸ್ ಬದಿಯ ಚೀಟಿಯನ್ನು ಓದಲು ಹೇಳಿದೆ. 12 ವೋಲ್ಟ್‌ನ ಸಾಲು, ಅಂದರೆ ಆ ವೋಲ್ಟಿನ ವಿದ್ಯುತ್ತು ಹೊರಬರುವ ದಾರಿ, ಎರಡಾಗಿ ಒಡೆದಿತ್ತು, ಪ್ರತಿಯೊಂದಕ್ಕೂ 25 ಆಂಪಿಯರ್ ಮಿತಿ. ಎರಡೂ ಸೇರಿ ಗರಿಷ್ಠ 45 ಆಂಪಿಯರ್, ಅಂದರೆ 540 ವ್ಯಾಟ್. 650 ಎಂಬ ದೊಡ್ಡ ಅಂಕಿಯಲ್ಲಿ ಉಳಿದದ್ದು 5 ಮತ್ತು 3.3 ವೋಲ್ಟ್‌ನ ಸಾಲುಗಳಿಗೆ ಸೇರಿದ್ದು. ಇಂದಿನ ಕಂಪ್ಯೂಟರಿಗೆ ಅವುಗಳ ಉಪಯೋಗ ಅಲ್ಪ. ಕಾರ್ಡಿನ ಎರಡೂ ಕೇಬಲ್ಲುಗಳು ಒಂದೇ ಸಾಲಿನಿಂದ ಬಂದಿದ್ದವು. ಸರಾಸರಿ 22 ಆಂಪಿಯರ್, ಮಿತಿ 25. ಜಿಗಿತದಲ್ಲಿ ಕೇಬಲ್ಲಿನ ಪಾಲು 400 ವ್ಯಾಟ್ ಆದರೆ ಅದು 33 ಆಂಪಿಯರ್. ಮೇಲಾಗಿ ಆ ಎಸ್‌ಎಂಪಿಎಸ್ ಏಳು ವರ್ಷ ಹಳೆಯದು. ಜಿಗಿತವನ್ನು ಒಂದಿಷ್ಟು ತಾಳಿಕೊಳ್ಳಬೇಕಾದ ಕೆಪಾಸಿಟರ್‌ಗಳು ವಯಸ್ಸಿನಿಂದ ಸೊರಗಿರುತ್ತವೆ.

ಖಚಿತ ಮಾಡಿಕೊಳ್ಳುವುದಕ್ಕೆ ದುಡ್ಡು ಖರ್ಚಾಗಲಿಲ್ಲ. ಆಫ್ಟರ್‌ಬರ್ನರ್‌ನಲ್ಲಿ ಕಾರ್ಡಿನ ವಿದ್ಯುತ್ ಮಿತಿಯನ್ನು 250 ವ್ಯಾಟಿನ ಆಸುಪಾಸಿಗೆ ಇಳಿಸಿದೆವು. ಒಂದು ವಾರ ಯಂತ್ರ ಒಮ್ಮೆಯೂ ಆರಲಿಲ್ಲ. ಆಟದ ವೇಗದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸವೂ ಆಗಲಿಲ್ಲ, ಏಕೆಂದರೆ ಕೊನೆಯ ಕೆಲವು ಮೆಗಾಹರ್ಟ್ಸ್‌ಗೆ ತೆರುವ ವೋಲ್ಟೇಜು ವಿಪರೀತ ದುಬಾರಿ. ಇದೇ ಬಗೆಯ ತೊಂದರೆಯಲ್ಲಿರುವವರು ಹೊಸದನ್ನು ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಲೇಬೇಕು. ಮದರ್‌ಬೋರ್ಡ್ ಉಳಿಯಿತು.

ಈ ಜಿಗಿತಗಳಿಂದಾಗಿಯೇ 2022ರಲ್ಲಿ ಎಟಿಎಕ್ಸ್ 3.0 ಎಂಬ ಹೊಸ ನಿಯಮಾವಳಿ ಬಂತು. ಅದರಂತೆ 450 ವ್ಯಾಟ್ ಮೀರಿದ ಎಸ್‌ಎಂಪಿಎಸ್ ತನ್ನ ಮೇಲೆ ಬರೆದ ವ್ಯಾಟಿನ ಎರಡರಷ್ಟನ್ನು 100 ಮೈಕ್ರೊಸೆಕೆಂಡು, ಶೇ. 160ನ್ನು 10 ಮಿಲಿಸೆಕೆಂಡು, ಶೇ. 120ನ್ನು 100 ಮಿಲಿಸೆಕೆಂಡು ಆರದೆ ತಾಳಿಕೊಳ್ಳಬೇಕು. ಮುಂದೆ ಬಂದ 3.1 ಆವೃತ್ತಿಯಲ್ಲಿಯೂ ಈ ಗುಣ ಉಳಿದಿದೆ. ಇಂದು ಹೊಸದಾಗಿ ಕೊಳ್ಳುವವರು ಪೆಟ್ಟಿಗೆಯ ಮೇಲೆ ಮೊದಲು ಹುಡುಕಬೇಕಾದದ್ದು ಇದನ್ನು, ಚಿನ್ನ ಬೆಳ್ಳಿಯ ಪದಕಗಳನ್ನಲ್ಲ.

ಎಷ್ಟು ವ್ಯಾಟಿನದು ಬೇಕು ಎಂಬುದಕ್ಕೆ ನಾನು ಎರಡು ಕೂಡಿಕೆ ಮಾಡುತ್ತೇನೆ. ಒಂದು, ಸತತ ಭಾರ: ಕಾರ್ಡಿನ 320, ಪ್ರೊಸೆಸರಿನ ಗರಿಷ್ಠ 76, ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆ 50, ಒಟ್ಟು 446. ಇನ್ನೊಂದು, ಪಂಕ್ತಿಯ ಭಾರ: ಕಾರ್ಡಿನ ಅಂಕಿಯನ್ನು ಒಂದೂವರೆ ಪಟ್ಟು ಮಾಡಿ ಉಳಿದದ್ದನ್ನು ಸೇರಿಸುವುದು. 480ಕ್ಕೆ 126 ಕೂಡಿದರೆ 606. ಎರಡನೆಯ ಮೊತ್ತವೂ ಎಸ್‌ಎಂಪಿಎಸ್‌ನ 12 ವೋಲ್ಟ್ ಸಾಮರ್ಥ್ಯದೊಳಗೆ ಇರಬೇಕು, ಮೊದಲನೆಯದು ಅದರ ಶೇ. 60-70ರ ಆಸುಪಾಸಿನಲ್ಲಿರಬೇಕು. 750 ವ್ಯಾಟ್ ಎರಡಕ್ಕೂ ಹೊಂದುತ್ತದೆ. 3080ಕ್ಕೆ ಎನ್‌ವಿಡಿಯಾ ಸಲಹೆ ಮಾಡಿದ್ದೂ 750ನ್ನೇ.

ಕಂಪನಿಯ ಸಲಹೆ ಎಲ್ಲ ಕಾಲಕ್ಕೂ ಹೀಗೆ ಹೊಂದುವುದಿಲ್ಲ. 115 ವ್ಯಾಟಿನ ಆರ್‌ಟಿಎಕ್ಸ್ 4060ಕ್ಕೆ 550 ವ್ಯಾಟ್ ಎನ್ನುತ್ತಾರೆ. ರೈಸೆನ್ 5 7600 ಜೊತೆಗೆ ನನ್ನ ಕೂಡಿಕೆ ಹಾಕಿದರೆ ಸತತ ಭಾರ 253, ಪಂಕ್ತಿಯ ಭಾರ ಸುಮಾರು 310; ಒಳ್ಳೆಯ 450 ವ್ಯಾಟ್ ಧಾರಾಳವಾಯಿತು. ಕಂಪನಿಗೆ ಕೊಳ್ಳುವವರ ಬಳಿ ಎಂಥ ಕಳಪೆ ಎಸ್‌ಎಂಪಿಎಸ್ ಇದೆಯೋ ತಿಳಿಯದು, ಆದ್ದರಿಂದ ಹೆಚ್ಚು ಹೇಳುತ್ತದೆ. ಅದೇ 450 ವ್ಯಾಟಿನ ಆರ್‌ಟಿಎಕ್ಸ್ 4090ಕ್ಕೆ ಸಲಹೆ 850. ಆದರೆ ಜೊತೆಗೆ 253 ವ್ಯಾಟ್‌ವರೆಗೆ ಏರಬಲ್ಲ ಇಂಟೆಲ್ ಕೋರ್ ಐ9 ಪ್ರೊಸೆಸರ್ ಇದ್ದರೆ ಪಂಕ್ತಿಯ ಭಾರ ಸಾವಿರದ ಹತ್ತಿರ ಬರುತ್ತದೆ. ಅಲ್ಲಿ ನಾನು 1000 ವ್ಯಾಟಿನದನ್ನೇ ಹಾಕಿಸುತ್ತೇನೆ.

ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೋಗಿ ನಿಂತರೆ ಒಂದೇ ವ್ಯಾಟಿಗೆ ಮೂರು ಪಟ್ಟು ವ್ಯತ್ಯಾಸದ ಬೆಲೆಗಳು ಕಾಣುತ್ತವೆ. ಬದಿಯ ಚೀಟಿಯನ್ನು ಓದದೆ ಕೊಳ್ಳಬೇಡಿ. 12 ವೋಲ್ಟ್ ಎಂದು ಬರೆದಲ್ಲಿ ಎಷ್ಟು ಆಂಪಿಯರ್ ಇದೆ ನೋಡಿ 12ರಿಂದ ಗುಣಿಸಿ. ಒಳ್ಳೆಯ 650 ವ್ಯಾಟಿನದರಲ್ಲಿ ಅದು 54 ಆಂಪಿಯರ್ ಹತ್ತಿರ ಇರುತ್ತದೆ. ಗುಣಿಸಿದ ಮೊತ್ತ ದೊಡ್ಡ ಅಕ್ಷರದ ವ್ಯಾಟಿಗಿಂತ ಬಹಳ ಕೆಳಗಿದ್ದರೆ ಆ ದೊಡ್ಡ ಅಕ್ಷರವನ್ನು ಮರೆತುಬಿಡಿ.

ಪದಕಗಳ ಮಾತು ಚುಟುಕಾಗಿ ಹೇಳುತ್ತೇನೆ. 80 ಪ್ಲಸ್ ಎಂಬುದು ದಕ್ಷತೆಯ ಮುದ್ರೆ ಮಾತ್ರ. 400 ವ್ಯಾಟ್ ಭಾರಕ್ಕೆ ಬ್ರಾಂಜ್ ದರ್ಜೆಯದು ಗೋಡೆಯಿಂದ 470 ಎಳೆದರೆ ಗೋಲ್ಡ್ 444 ಎಳೆಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಆಡಿದರೂ ತಿಂಗಳಿಗೆ ಉಳಿಯುವುದು ಮೂರು ಯೂನಿಟ್. ಗೋಲ್ಡ್ ದರ್ಜೆಯವುಗಳಲ್ಲಿ ಒಳಗಿನ ಭಾಗಗಳೂ ಸಾಮಾನ್ಯವಾಗಿ ಚೆನ್ನಾಗಿರುತ್ತವೆ, ವಾರಂಟಿಯೂ ಉದ್ದವಿರುತ್ತದೆ. ಕೊಳ್ಳುವುದಾದರೆ ಆ ಕಾರಣಕ್ಕೆ ಕೊಳ್ಳಿ.

ಪೂರ್ತಿ ವ್ಯಾಟನ್ನು ಯಾವ ಉಷ್ಣಾಂಶದಲ್ಲಿ ಕೊಡಬಲ್ಲದು ಎಂಬುದನ್ನು ನಮ್ಮವರು ಯಾರೂ ಕೇಳುವುದಿಲ್ಲ, ಕೇಳಲೇಬೇಕು. ಕೆಲವು ಕಂಪನಿಗಳು 40 ಡಿಗ್ರಿ ಎನ್ನುತ್ತವೆ, ಕೆಲವು 50. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಕೋಣೆಯೇ 40 ಇರುವಾಗ ಡಬ್ಬಿಯೊಳಗಿನ ಗಾಳಿ ಅದಕ್ಕಿಂತ ಬಿಸಿ. ಅಲ್ಲಿನವರಿಗೆ 50 ಡಿಗ್ರಿಯದೇ ಬೇಕು. ಯುಪಿಎಸ್ ಇಟ್ಟುಕೊಂಡವರು ಅದರ ವಿಎ (ವೋಲ್ಟ್-ಆಂಪಿಯರ್) ಅಂಕಿಯನ್ನು ವ್ಯಾಟ್ ಎಂದು ಓದಬಾರದು. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್. ಗೋಡೆಯಲ್ಲಿ 470 ಎಳೆಯುವ ಯಂತ್ರ ಅದರ ಮೇಲಿದ್ದರೆ ಕರೆಂಟು ಹೋದ ಕ್ಷಣವೇ ಯುಪಿಎಸ್ ಕೈಚೆಲ್ಲುತ್ತದೆ.

ಇನ್ನು ಕೇಬಲ್ಲು. ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ಬೆಂಕಿಯ ವಿಷಯ. ಎಂಟು ಪಿನ್ನಿನ ಕೇಬಲ್ಲಿನಲ್ಲಿ 150 ವ್ಯಾಟ್ ಮೂರು ತಂತಿಗಳಲ್ಲಿ ಹಂಚಿಹೋಗುತ್ತದೆ, ತಂತಿಗೆ 4 ಆಂಪಿಯರ್ ಚಿಲ್ಲರೆ. ಹದಿನಾರು ಪಿನ್ನಿನದರಲ್ಲಿ 600 ವ್ಯಾಟ್ ಆರು ತಂತಿಗಳಲ್ಲಿ, ತಂತಿಗೆ 8.3 ಆಂಪಿಯರ್, ಪಿನ್ನುಗಳು ಮಾತ್ರ ಮೊದಲಿಗಿಂತ ಸಣ್ಣವು. ಹಳೆಯದರಲ್ಲಿ ತಾಳಿಕೆಯ ಅಂತರ ಧಾರಾಳವಾಗಿತ್ತು, ಹೊಸದರಲ್ಲಿ ಬಹಳ ಕಡಿಮೆ. 2022ರ ಅಕ್ಟೋಬರಿನಲ್ಲಿ ಆರ್‌ಟಿಎಕ್ಸ್ 4090 ಬಂದ ಕೆಲವೇ ವಾರಗಳಲ್ಲಿ ಕನೆಕ್ಟರ್ ಕರಗಿದ ಚಿತ್ರಗಳು ಬರತೊಡಗಿದವು. ಪೂರ್ತಿ ಒಳಗೆ ತಳ್ಳದೆ ಬಿಟ್ಟದ್ದು ಮುಖ್ಯ ಕಾರಣ ಎಂದು ಎನ್‌ವಿಡಿಯಾ ಹೇಳಿತು. ಮರುವರ್ಷ 12ವಿ-2×6 ಎಂಬ ತಿದ್ದಿದ ರೂಪ ಬಂತು. ಅದರಲ್ಲಿ ಸಂಕೇತ ಕೊಡುವ ನಾಲ್ಕು ಪುಟ್ಟ ಪಿನ್ನುಗಳನ್ನು ಗಿಡ್ಡ ಮಾಡಿದ್ದಾರೆ. ಕನೆಕ್ಟರ್ ಪೂರ್ತಿ ಕೂರದಿದ್ದರೆ ಅವು ತಾಗುವುದಿಲ್ಲ, ಕಾರ್ಡು ವಿದ್ಯುತ್ ಎಳೆಯುವುದಿಲ್ಲ. ಆದರೂ 575 ವ್ಯಾಟಿನ ಆರ್‌ಟಿಎಕ್ಸ್ 5090 ಮೇಲೆ 2025ರ ಫೆಬ್ರುವರಿಯಲ್ಲಿ ಮಾಡಿದ ಒಂದು ಅಳತೆಯಲ್ಲಿ ಆರರ ಪೈಕಿ ಒಂದೇ ತಂತಿಯಲ್ಲಿ 20 ಆಂಪಿಯರ್‌ಗೂ ಹೆಚ್ಚು ಹರಿದದ್ದು ಕಂಡಿತು. ಆರೂ ತಂತಿಗಳು ಕಾರ್ಡಿನೊಳಗೆ ಹೊಕ್ಕೊಡನೆ ಒಂದಾಗುವುದರಿಂದ ಯಾವುದು ಎಷ್ಟು ಹೊರುತ್ತಿದೆ ಎಂದು ಕಾರ್ಡಿಗೆ ತಿಳಿಯದು. ಡಿಸಿ ಕ್ಲ್ಯಾಂಪ್ ಮೀಟರ್ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲಿಯೇ: ತಂತಿಗಳನ್ನು ಒಂದೊಂದಾಗಿ ಹಿಡಿದು ನೋಡಿ, ಆರೂ ಹತ್ತಿರ ಹತ್ತಿರ ಇರಬೇಕು. ಕನೆಕ್ಟರ್ ಬುಡದಲ್ಲೇ ತಂತಿಯನ್ನು ಮಡಿಸಬೇಡಿ. ಅಡಾಪ್ಟರ್‌ಗಿಂತ ಎಸ್‌ಎಂಪಿಎಸ್‌ನಿಂದಲೇ ಬರುವ ಕೇಬಲ್ ಮೇಲು. ಎಂಟು ಪಿನ್ನಿನ ಕಾರ್ಡಾದರೆ ಒಂದೇ ಕೇಬಲ್ಲಿನ ಎರಡು ತಲೆಗಳನ್ನು ಸಿಕ್ಕಿಸದೆ ಪ್ರತಿ ಕನೆಕ್ಟರ್‌ಗೂ ಬೇರೆ ಕೇಬಲ್ ಎಳೆಯಿರಿ.

ಅಣ್ಣನ ಮಗ 12 ವೋಲ್ಟ್‌ನ ಒಂದೇ ಸಾಲಿರುವ, ಎಟಿಎಕ್ಸ್ 3.1ರ 750 ವ್ಯಾಟಿನದನ್ನು ತಂದ. ಬಿಚ್ಚಿ ಜೋಡಿಸುವ ದಿನ ಮತ್ತೆ ಫೋನ್ ಬಂತು: "ಹಳೆಯದರ ಕೇಬಲ್ಲುಗಳು ಆಗಲೇ ಡಬ್ಬಿಯೊಳಗೆ ಅಂದವಾಗಿ ಕಟ್ಟಿವೆ, ಈ ತುದಿಯನ್ನು ಹೊಸದಕ್ಕೆ ಸಿಕ್ಕಿಸಿದರೆ ಸಾಕಲ್ಲವೇ ಚಿಕ್ಕಪ್ಪ? ಸರಿಯಾಗಿ ಕೂರುತ್ತದೆ." ಕೂರುತ್ತದೆ ನಿಜ. ಆದರೆ ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟ್ ಎಂಬುದು ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ, ಇರುವ ಡಿಸ್ಕುಗಳೆಲ್ಲ ಒಂದೇ ಕ್ಷಣದಲ್ಲಿ ಸುಟ್ಟುಹೋಗಬಹುದು. ಹಳೆಯ ಕೇಬಲ್ಲುಗಳನ್ನೆಲ್ಲ ಬಿಚ್ಚಿಸಿ, ಒಟ್ಟಿಗೆ ಕಟ್ಟಿಸಿ, ಹಳೆಯ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗೇ ಇರಿಸಿ ಟೇಪು ಹಾಕಲು ಹೇಳಿದೆ.